ಮುಟ್ಟಿಗೆ ಮೊದಲಿನ ಪಿಸುರು, ‘ನಾನು ಹುಡುಗಿಯಲ್ಲ’ ಎಂಬ ಮಾತು: ಎರಡೂ ಒಂದೇನಾ?

ಪ್ರಶ್ನೆ: ನನಗೆ 22 ವರ್ಷ. ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಎಂ.ಎಸ್ಸಿ. ಓದುತ್ತಿದ್ದೇನೆ. ಹುಟ್ಟಿದ್ದು ಹೆಣ್ಣಾಗಿ, ಆದರೆ ಆರೇಳನೇ ಕ್ಲಾಸಿನಿಂದಲೂ ಹುಡುಗಿ ಎನ್ನುವ ಮಾತು ನನ್ನದಲ್ಲ ಅನಿಸುತ್ತದೆ. ಮನೆಯಲ್ಲಿ ಹವ್ಯಕ ಮಾತು. ಹೆಂಗಸರಿಗೆಲ್ಲ ‘ಅವಳು ಬಂದಳು’ ಎನ್ನದೆ ‘ಅದು ಬಂತು, ಅದು ಹೋತು’ ಎನ್ನುವ ಕಾರಣ ಮನೆಯಲ್ಲಿ ಏನೂ ಅನಿಸುತ್ತಿರಲಿಲ್ಲ. ಶಾಲೆಯಲ್ಲಿ ಟೀಚರ್ ನನ್ನನ್ನು ‘ಅವಳು’ ಎಂದಾಗ ಮಾತ್ರ ಬೇರೆ ಯಾರ ಬಗ್ಗೆಯೋ ಹೇಳಿದ ಹಾಗಾಗುತ್ತಿತ್ತು. ಇದನ್ನು ಅಕ್ಕನಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಈಗಿನ ತೊಂದರೆ ಇದು: ಮುಟ್ಟಿಗೆ ಮೊದಲಿನ ಹತ್ತು ದಿನ ನನ್ನನ್ನು ನಾನೇ ತಡೆದುಕೊಳ್ಳಲಾರೆ. ವಿಪರೀತ ಸಿಟ್ಟು, ಕಾರಣವಿಲ್ಲದೆ ಅಳು, ಎದೆ ಭಾರವಾಗಿ ಅಂಗಿ ತಾಗಿದರೂ ನೋವು. ಈ ಎದೆಯೇ ಬೇಡ, ಈ ಮೈಯೇ ಬೇಡ ಅನಿಸುತ್ತದೆ. ಮುಟ್ಟಾದ ಎರಡನೇ ದಿನ ಮನಸ್ಸು ಹಗುರ, ಆದರೆ ರಕ್ತ ಕಂಡರೆ ಇನ್ನೊಂದು ಹಿಂಸೆ. ಅಮ್ಮ ‘ಹೆರ ಅಪ್ಪಲಾತು ಕಾಣ್ತು, ಅದಕ್ಕೇ ಈ ಪಿಸುರು’ (ಮುಟ್ಟಾಗುವ ಹೊತ್ತಾಯಿತು ಕಾಣುತ್ತದೆ, ಅದಕ್ಕೇ ಈ ಸಿಟ್ಟು) ಎಂದು ಸುಮ್ಮನಾಗುತ್ತಾಳೆ. ಅಕ್ಕನಿಗೆ ಅದೇ ದಿನಗಳಲ್ಲಿ ಹೊಟ್ಟೆ ಉಬ್ಬರ, ಕಾಲುನೋವು, ಸಿಹಿ ತಿನ್ನುವ ಆಸೆ, ಅಷ್ಟೆ. ‘ನಿನ್ನದೆಲ್ಲ ಹಾರ್ಮೋನಿನ ಆಟ, ಹುಡುಗಿಯಲ್ಲ ಅನ್ನುವುದೂ ಅದರದ್ದೇ’ ಎನ್ನುತ್ತಾಳೆ. ವಿಷಯ ಗೊತ್ತಿರುವ ಒಬ್ಬ ಸ್ನೇಹಿತನೋ, ‘ಪಿ.ಎಂ.ಎಸ್. (ಮುಟ್ಟಿಗೆ ಮೊದಲಿನ ತೊಂದರೆಗಳು) ಇಷ್ಟು ಜೋರಾಗಿದ್ದ ಮೇಲೆ ನೀನು ಪೂರ್ತಿ ಹೆಣ್ಣೇ’ ಎಂದ. ಯಾರು ಸರಿ? ಕಳೆದ ವರ್ಷ ಮನೆಯಲ್ಲಿ ಪೂಜೆಗೆಂದು ಮುಟ್ಟು ಮುಂದೂಡುವ ಮಾತ್ರೆ ತಿಂದಿದ್ದೆ. ಅದನ್ನೇ ತಿಂಗಳು ತಿಂಗಳು ತಿಂದರೆ ಆಗದೇ? ಪಿ.ಎಂ.ಎಸ್.ಗೆ ಔಷಧಿ ತೆಗೆದುಕೊಂಡರೆ ಹುಡುಗಿಯಲ್ಲ ಅನ್ನುವ ಭಾವನೆಯೂ ಹೋಗಿಬಿಡುತ್ತದೆಯೇ? — ಕೆ.

ಉತ್ತರ: ಕೆ. ಅವರೇ, ನಿಮ್ಮ ಅಕ್ಕನದೂ ತಪ್ಪು, ಸ್ನೇಹಿತನದೂ ತಪ್ಪು. ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆ ಅರ್ಧದಿಂದ ಶುರುಮಾಡುತ್ತೇನೆ.

ಸಿಟ್ಟು, ಅಳು, ಎದೆಭಾರ ಮುಟ್ಟಿಗೆ ಮೊದಲು ಬಂದು ಮುಟ್ಟಾದ ಕೂಡಲೇ ಇಳಿಯುತ್ತದೆ ಎಂದರೆ ಅದಕ್ಕೂ ತಿಂಗಳ ಚಕ್ರಕ್ಕೂ ಸಂಬಂಧ ಇದ್ದೇ ಇದೆ. ಆದರೆ ಇದರ ಮೂಲ ರಕ್ತಸ್ರಾವ ಅಲ್ಲ, ಗರ್ಭಕೋಶವೂ ಅಲ್ಲ. ಚಕ್ರದ ನಡುವಿನಲ್ಲಿ ಅಂಡಾಶಯ ಒಂದು ಅಂಡವನ್ನು ಬಿಡುತ್ತದೆ. ಅಂಡ ಹೊರಟುಹೋದ ಜಾಗ ಸುಮಾರು ಎರಡು ವಾರ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಯಾರಿಸುತ್ತದೆ. ಗರ್ಭ ನಿಲ್ಲದಿದ್ದರೆ ಅಂಗಡಿ ಮುಚ್ಚುತ್ತದೆ, ಹಾರ್ಮೋನು ಇಳಿಯುತ್ತದೆ, ಮುಟ್ಟು ಬರುತ್ತದೆ. ನಿಮ್ಮ ಹತ್ತು ದಿನ ಬರುವುದು ಈ ಎರಡು ವಾರದ ಒಳಗೇ.

ಶಾಲೆಯಲ್ಲಿ ಕಲಿಸುತ್ತಿದ್ದ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು (ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತಿದ್ದೇನೆ). ಗಡ್ಡೆ ಇದ್ದದ್ದರಿಂದ ಗರ್ಭಕೋಶ ತೆಗೆಸಿದ್ದರು, ಅಂಡಾಶಯ ಉಳಿಸಿದ್ದರು. ‘ಡಾಕ್ಟ್ರೇ, ಮುಟ್ಟು ನಿಂತು ಎರಡು ವರ್ಷವಾಯಿತು, ಮತ್ತೆ ಯಾಕೆ ತಿಂಗಳಿಗೊಮ್ಮೆ ಮಕ್ಕಳಿಗೆ ಸುಮ್ಮಸುಮ್ಮನೆ ಬೈಯುತ್ತೇನೆ?’ ಎಂದು ಕೇಳಿದರು. ಅವರ ಅಂಡಾಶಯಕ್ಕೆ ಗರ್ಭಕೋಶ ಹೋದ ಸುದ್ದಿ ಗೊತ್ತಿಲ್ಲ. ತನ್ನ ಕೆಲಸ ತಾನು ಮಾಡಿಕೊಂಡೇ ಇದೆ. ರಕ್ತವಿಲ್ಲದೆಯೂ ಪಿ.ಎಂ.ಎಸ್. ಬರುತ್ತದೆ ಎನ್ನುವುದಕ್ಕೆ ಅವರು ಒಳ್ಳೆಯ ಉದಾಹರಣೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮಾತ್ರೆಯ ವಿಷಯ ಬಂದಾಗ ಬೇಕಾಗುತ್ತದೆ.

ನಿಮ್ಮ ಸ್ನೇಹಿತನಿಗೂ ಇದೇ ಉತ್ತರ. ಪಿ.ಎಂ.ಎಸ್. ಬರುವುದು ಅಂಡಾಶಯ ಇರುವವರಿಗೆ, ಅದೂ ಅಂಡ ಬಿಡುಗಡೆಯಾಗುತ್ತಿದ್ದರೆ. ಆ ಅಂಡಾಶಯ ಹೊತ್ತವರು ತಮ್ಮನ್ನು ಹೆಣ್ಣು ಅಂದುಕೊಂಡಿದ್ದಾರೋ, ಗಂಡು ಅಂದುಕೊಂಡಿದ್ದಾರೋ, ಎರಡೂ ಅಲ್ಲ ಅಂದುಕೊಂಡಿದ್ದಾರೋ, ಅದು ಅಂಡಾಶಯಕ್ಕೆ ಬೇಡದ ವಿಚಾರ. ಜೋರಾಗಿ ಪಿ.ಎಂ.ಎಸ್. ಬಂದರೆ ಪೂರ್ತಿ ಹೆಣ್ಣು ಅನ್ನುವುದಾದರೆ, ಜೀವನದಲ್ಲಿ ಒಂದು ದಿನವೂ ಅದರ ಸುಳಿವು ಕಾಣದ ನನ್ನ ಸ್ವಂತ ಅತ್ತಿಗೆ ಏನಾದ ಹಾಗಾಯಿತು? ಮೂರು ಮಕ್ಕಳ ತಾಯಿ ಆಕೆ.

ಇನ್ನು ಅಕ್ಕನಿಗೆ ಸಿಹಿ ತಿನ್ನುವ ಆಸೆ, ನಿಮಗೆ ಮೈಯೇ ಬೇಡ ಅನ್ನುವಷ್ಟು ಹಿಂಸೆ, ಒಂದೇ ಮನೆಯಲ್ಲಿ ಹೀಗೇಕೆ? 1931ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫ್ರಾಂಕ್ ಎಂಬ ವೈದ್ಯರು ಇದರ ಬಗ್ಗೆ ಮೊದಲು ಬರೆದಾಗ, ಹಾರ್ಮೋನು ಹೆಚ್ಚಾದ್ದರಿಂದ ಹೀಗಾಗುತ್ತದೆ ಎಂದೇ ತಿಳಿದಿದ್ದರು. ಬಹಳ ಕಾಲ ವೈದ್ಯರೂ ಅದನ್ನೇ ನಂಬಿದ್ದರು. 1998ರಲ್ಲಿ ಅಮೆರಿಕದ ಸಂಶೋಧಕರು ಒಂದು ಜಾಣ ಪ್ರಯೋಗ ಮಾಡಿದರು. ಪಿ.ಎಂ.ಎಸ್. ಇದ್ದವರಿಗೂ ಇಲ್ಲದವರಿಗೂ ಔಷಧಿ ಕೊಟ್ಟು ಅಂಡಾಶಯದ ಕೆಲಸ ನಿಲ್ಲಿಸಿದರು. ಆಮೇಲೆ ಇಬ್ಬರಿಗೂ ಸಾಮಾನ್ಯ ಪ್ರಮಾಣದಲ್ಲಿ ಹಾರ್ಮೋನನ್ನು ಹೊರಗಿನಿಂದ ಕೊಟ್ಟರು. ಮೊದಲಿಂದ ಪಿ.ಎಂ.ಎಸ್. ಇದ್ದವರಿಗೆ ಅದು ಮರಳಿ ಬಂತು, ಉಳಿದವರಿಗೆ ಏನೂ ಆಗಲಿಲ್ಲ. ಹಾರ್ಮೋನಿನ ಅಳತೆ ಇಬ್ಬರಲ್ಲೂ ಒಂದೇ, ಅದನ್ನು ತಾಳುವ ಮಿದುಳು ಬೇರೆ ಬೇರೆ. ಪ್ರೊಜೆಸ್ಟರಾನಿನಿಂದ ಮಿದುಳಿನಲ್ಲಿ ಇನ್ನೊಂದು ವಸ್ತು ಉಂಟಾಗುತ್ತದೆ. ನಿದ್ದೆಮಾತ್ರೆ ಕೆಲಸ ಮಾಡುವ ಬಾಗಿಲಲ್ಲೇ ಅದೂ ಕೆಲಸ ಮಾಡುತ್ತದೆ. ಹೆಚ್ಚಿನವರನ್ನು ತಣ್ಣಗಿಡುವ ಈ ವಸ್ತು ಕೆಲವರನ್ನು ಕೆರಳಿಸುತ್ತದೆ. ಹಾಗಾಗಿ ಲ್ಯಾಬಿನಲ್ಲಿ ದುಬಾರಿ ‘ಹಾರ್ಮೋನ್ ಪ್ಯಾಕೇಜ್’ ಮಾಡಿಸಿ ದುಡ್ಡು ಕಳೆಯಬೇಡಿ. ನಿಮ್ಮ ರಿಪೋರ್ಟೂ ನಾರ್ಮಲ್, ಅಕ್ಕನ ರಿಪೋರ್ಟೂ ನಾರ್ಮಲ್ ಎಂದು ಬರುತ್ತದೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಮಾತ್ರ ನೋಡಿಸಿ, ಅವೆರಡೂ ಕೆಟ್ಟರೆ ಹೆಚ್ಚುಕಡಿಮೆ ಇದೇ ಥರ ಸುಸ್ತು, ಸಿಡುಕು ಬರುತ್ತದೆ.

ಅಕ್ಕನದು ಸಾಧಾರಣ ಪಿ.ಎಂ.ಎಸ್. ನೀವು ಬರೆದದ್ದನ್ನು ನೋಡಿದರೆ ನಿಮ್ಮದು ಅದರ ತೀವ್ರ ರೂಪವಾದ ಪಿ.ಎಂ.ಡಿ.ಡಿ. ಇರಬಹುದು ಎಂಬ ಗುಮಾನಿ ನನಗೆ. ಮುಟ್ಟಾಗುವವರಲ್ಲಿ ನೂರಕ್ಕೆ 3ರಿಂದ 8 ಮಂದಿಗೆ ಅದು ಇರುತ್ತದೆ ಎಂದು ಅಂದಾಜು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಸ್ವತಂತ್ರ ಕಾಯಿಲೆಯಾಗಿ ಒಪ್ಪಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು, ಅದರಲ್ಲೂ ಇದು ಸೇರಿದೆ. ನಿಮ್ಮ ಅಕ್ಕನಿಗೆ ಓದಿ ಹೇಳಬೇಕಾದದ್ದು ಈ ಎರಡನೇ ಪಟ್ಟಿಯಲ್ಲೇ ಇದೆ. ಪಿ.ಎಂ.ಡಿ.ಡಿ.ಯನ್ನು ಅದು ಸ್ತ್ರೀರೋಗದ ಭಾಗದಲ್ಲಿ ಹಾಕಿತು. ಹುಟ್ಟಿದಾಗ ಬರೆಸಿದ ಲಿಂಗಕ್ಕೂ ತನಗೆ ತಾನು ಅರಿತುಕೊಂಡ ಲಿಂಗಕ್ಕೂ ತಾಳೆಯಾಗದ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದು ಬೇರೆ ಕಡೆ ಇಟ್ಟಿತು. ಒಂದು ಕಾಯಿಲೆ, ಚಿಕಿತ್ಸೆ ಇದೆ. ಇನ್ನೊಂದು ಕಾಯಿಲೆಯೇ ಅಲ್ಲ.

ಹಾಗಾದರೆ ಎರಡೂ ಒಟ್ಟೊಟ್ಟಿಗೆ ಏಕೆ ಬರುತ್ತವೆ? ಎದೆ ಬೇಡವೆನಿಸಿದವರಿಗೆ ತಿಂಗಳಲ್ಲಿ ಹದಿನೈದು ದಿನ ಎದೆ ಇದೆ ಅನ್ನುವುದನ್ನು ಮರೆತಿರಲು ಆಗುತ್ತದೆ. ಉಳಿದ ದಿನ ಅದು ಊದಿ, ನೋಯುತ್ತ, ಅಂಗಿಯ ಗುಂಡಿ ಬಿಗಿಯಾಗಿ, ಮರೆಯಲು ಬಿಡುವುದಿಲ್ಲ. ಅದೇ ಹೊತ್ತಿಗೆ ತಾಳಿಕೊಳ್ಳುವ ಶಕ್ತಿಯೂ ಕುಸಿದಿರುತ್ತದೆ. ಇದ್ದದ್ದೇ ದೊಡ್ಡದಾಗಿ ಕೇಳಿಸುತ್ತದೆ, ಅಷ್ಟೆ. ಭಾಗವತರ ಮೈಕಿನ ವಾಲ್ಯೂಮ್ ಹೆಚ್ಚಿಸಿದರೆ ಪದ್ಯ ಬದಲಾಗುವುದಿಲ್ಲವಲ್ಲ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ನೀವೇ ಬರೆದು ನೋಡಬಹುದು, ಬರೆಯಲೂ ಬೇಕು, ಏಕೆಂದರೆ ಕನಿಷ್ಠ ಎರಡು ಚಕ್ರ ದಿನಾ ಬರೆದಿಟ್ಟ ದಾಖಲೆ ಇಲ್ಲದೆ ಯಾವ ವೈದ್ಯರೂ ಪಿ.ಎಂ.ಡಿ.ಡಿ. ಎಂದು ಖಚಿತವಾಗಿ ಹೇಳಬಾರದು. ನೆನಪಿನಿಂದ ಹೇಳಿದ್ದು ಸಾಲದು. ಸಿಟ್ಟು ಬಂದ ದಿನ ಮುಟ್ಟು ಹತ್ತಿರವಿದ್ದರೆ ನೆನಪಿರುತ್ತದೆ, ದೂರವಿದ್ದರೆ ಮರೆತುಹೋಗುತ್ತದೆ.

ಕೆಲವು ವರ್ಷದ ಹಿಂದೆ ನಿಮ್ಮದೇ ವಯಸ್ಸಿನ ಒಬ್ಬರು ತಂದ ಪುಸ್ತಕ ಈಗಲೂ ಕಣ್ಣಿಗೆ ಕಟ್ಟಿದೆ. ಶಾಲಾಮಕ್ಕಳ ಗೆರೆ ಪುಸ್ತಕ. ಮನೆಯವರು ತೆರೆಯದಿರಲೆಂದು ಮುಖಪುಟದಲ್ಲಿ ‘ಅಡಿಕೆ ಲೆಕ್ಕ’ ಎಂದು ಬರೆದಿದ್ದರು. ಒಳಗೆ ಅಡ್ಡಕ್ಕೆ ತಾರೀಕು, ಉದ್ದಕ್ಕೆ ತೊಂದರೆಗಳು. ಪ್ರತಿ ರಾತ್ರಿ ಮಲಗುವ ಮೊದಲು ಒಂದೊಂದಕ್ಕೂ 1ರಿಂದ 6ರವರೆಗೆ ಒಂದು ಅಂಕಿ. 1 ಎಂದರೆ ಏನೂ ಇಲ್ಲ, 6 ಎಂದರೆ ತಡೆಯಲಾರದಷ್ಟು. ಸಿಟ್ಟು, ಅಳು, ಆತಂಕ, ನಿದ್ದೆ, ಎದೆನೋವು ಹೀಗೆ ಸಾಲು. ನಾನು ಹೇಳಿದ ಮೇಲೆ ಕೊನೆಗೆ ಎರಡು ಸಾಲು ಹೆಚ್ಚಿಗೆ ಸೇರಿಸಿದ್ದರು: ‘ಮೈ ನೋಯುತ್ತದೆ’, ‘ಈ ಮೈ ನನ್ನದಲ್ಲ’. ಸಿಟ್ಟಿನ ಸಾಲು ಮುಟ್ಟು ಮುಗಿದ ವಾರ 1, 1, 2 ಎಂದಿತ್ತು. ಹದಿನೇಳನೇ ದಿನಕ್ಕೆ 3, ಆಮೇಲೆ 5, 5, 6. ಮುಟ್ಟಿನ ಮೂರನೇ ದಿನ ಮತ್ತೆ 1. ಎದೆನೋವಿನ ಸಾಲು ಅದರ ಹಿಂದೆಯೇ ಏರಿ ಹಿಂದೆಯೇ ಇಳಿದಿತ್ತು. ಕೊನೆಯ ಸಾಲು ಮಾತ್ರ ಬೇರೆ ಜಾತಿಯದ್ದು. ಒಳ್ಳೆಯ ವಾರದಲ್ಲೂ 3, ಕೆಟ್ಟ ವಾರದಲ್ಲಿ 5, ಮತ್ತೆ 3. ಎರಡು ತಿಂಗಳಲ್ಲಿ ಒಂದು ದಿನವೂ 1ಕ್ಕೆ ಇಳಿದಿರಲಿಲ್ಲ. ಮೇಲಿನ ಸಾಲುಗಳೆಲ್ಲ ತಿಂಗಳಿನವು, ಆ ಒಂದು ಸಾಲು ಅವರದ್ದು.

ಎಲ್ಲರ ಪುಸ್ತಕವೂ ಇಷ್ಟು ಚೊಕ್ಕವಾಗಿರುವುದಿಲ್ಲ. ಕೆಲವರಿಗೆ ಇಡೀ ತಿಂಗಳು 4 ಇದ್ದು ಮುಟ್ಟಿಗೆ ಮೊದಲು 6 ಆಗುತ್ತದೆ. ಅದು ಪಿ.ಎಂ.ಡಿ.ಡಿ. ಅಲ್ಲ, ಮೊದಲೇ ಇದ್ದ ಖಿನ್ನತೆಯೋ ಆತಂಕವೋ ಆ ದಿನಗಳಲ್ಲಿ ಉಲ್ಬಣಿಸುವುದು. ಮೈಗ್ರೇನ್, ಮೂರ್ಛೆರೋಗ, ಅಸ್ತಮಾ ಕೂಡ ಕೆಲವರಲ್ಲಿ ಹೀಗೇ ಆಡುತ್ತವೆ. ಹೆಣ್ಣಾಗಿಯೇ ನೆಮ್ಮದಿಯಾಗಿರುವ ಎಷ್ಟೋ ಮಂದಿಗೂ ಆ ವಾರದಲ್ಲಿ ತಮ್ಮ ಮೈ ಕಂಡರೆ ಅಸಹ್ಯ ಎನಿಸುತ್ತದೆ. ಅದು ಲಿಂಗದ ಪ್ರಶ್ನೆಯಲ್ಲ, ಮುಟ್ಟಾದ ಮೇಲೆ ಕನ್ನಡಿ ಮತ್ತೆ ಮೊದಲಿನ ಕನ್ನಡಿಯೇ. ಅದೇ ರೀತಿ, ಕೊನೆಯ ಸಾಲು ನಿಮ್ಮ ಪುಸ್ತಕದಲ್ಲಿ ಕೆಲವು ದಿನ 1ಕ್ಕೆ ಇಳಿದರೆ ‘ನೋಡು, ಸುಳ್ಳಾಯಿತು’ ಎಂದು ಯಾರೂ ಹೇಳುವಂತಿಲ್ಲ. ಈ ಪುಸ್ತಕ ಇರುವುದು ಪಿ.ಎಂ.ಡಿ.ಡಿ.ಯನ್ನು ಗುರುತಿಸಲಿಕ್ಕೆ. ನೀವು ಯಾರು ಎಂದು ತೀರ್ಪು ಕೊಡುವ ಕೋರ್ಟು ಅದಲ್ಲ. ಹನ್ನೊಂದು ವರ್ಷ ಪ್ರಾಯದಿಂದ ಇರುವ ಮಾತು, ‘ಅವಳು’ ಎಂದಾಗ ತಿರುಗಿ ನೋಡಬೇಕೆನಿಸಿದ ನೆನಪು, ಇವನ್ನೂ ಸೇರಿಸಿಯೇ ಯೋಚಿಸಬೇಕು. ಅಂದಹಾಗೆ, ನಿಮ್ಮ ‘ಅದು ಬಂತು’ ಓದಿ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ಹೆಂಗಸರನ್ನು ವಸ್ತುವಿನಂತೆ ಕರೆಯುವ ಪ್ರಯೋಗ ಎಂದು ನಾವು ಗೆಳತಿಯರು ಕಾಲೇಜಿನಲ್ಲಿ ಅದನ್ನು ಸಾಕಷ್ಟು ಬೈದಿದ್ದೆವು. ಅದೇ ಮಾತಿನಡಿ ಒಂದು ಮಗು ನಿರಾಳವಾಗಿ ಕುಳಿತಿರಬಹುದೆಂದು ಹೊಳೆದಿರಲಿಲ್ಲ.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ನಿಮ್ಮಂಥದ್ದೇ ಮಾತು ಹೇಳಿಕೊಂಡು ಬಂದವರೊಬ್ಬರಿಗೆ, ‘ಎಲ್ಲ ಹಾರ್ಮೋನು, ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂದು ಕಳಿಸಿದ್ದೆ. ಪಕ್ಕದಲ್ಲಿ ಕುಳಿತಿದ್ದ ತಾಯಿಗೆ ಸಮಾಧಾನವಾದದ್ದು ಕಂಡಿತು, ಆ ಮುಖ ನೋಡಿ ನಾನೂ ಸರಿ ಹೇಳಿದೆ ಎಂದುಕೊಂಡೆ. ಆ ಹುಡುಗಿ, ನಾನಾಗ ಹಾಗೆ ಕರೆದದ್ದು, ಮತ್ತೆ ಬರಲಿಲ್ಲ. ನಿಮ್ಮ ಅಕ್ಕ ಹೇಳುವುದೂ ನಾನು ಅಂದು ಹೇಳಿದ್ದೇ. ಆಕೆಯ ಮೇಲೆ ಸಿಟ್ಟಾಗಬೇಡಿ, ಮಾತನ್ನು ಮಾತ್ರ ಒಪ್ಪಬೇಡಿ.

ಪುಸ್ತಕ ತುಂಬುವ ತನಕ ಕಾಯಬಾರದ ಒಂದು ವಿಷಯವಿದೆ. ‘ಈ ಮೈಯೇ ಬೇಡ’ ಎಂದು ಬರೆದಿದ್ದೀರಿ. ಅದು ಬದುಕೇ ಬೇಡ ಎನ್ನುವ ಕಡೆಗೆ ವಾಲಿದರೆ, ನಾಳೆ ಮುಟ್ಟಾದರೆ ಸರಿಹೋಗುತ್ತದೆ ಎಂದು ಸುಮ್ಮನಿರಬೇಡಿ. ಪಿ.ಎಂ.ಡಿ.ಡಿ.ಯಲ್ಲಿ ಸಾಯುವ ಯೋಚನೆ ಬರುವುದು ಅಪರೂಪವಲ್ಲ, ಮನೆಯಲ್ಲಿ ಹೇಳಿಕೊಳ್ಳಲಾಗದ ವಿಷಯ ಮನಸ್ಸಿನಲ್ಲಿ ಇರುವವರಿಗೆ ಆ ದಿನಗಳು ಇನ್ನೂ ಕಠಿಣ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಕೇರಳದ ‘ದಿಶ’ ಸಹಾಯವಾಣಿ 1056 ಕೂಡ ಇದೆ. ನಿಮ್ಮ ಕಷ್ಟದ ಹತ್ತು ದಿನಗಳು ಯಾವುವೆಂದು ಅಕ್ಕನಿಗೆ ಮೊದಲೇ ತಿಳಿಸಿಡಿ.

ಈಗ ಮುಂದೂಡುವ ಮಾತ್ರೆಗೆ ಬರೋಣ. ನಮ್ಮೂರಿನಲ್ಲಿ ಮದುವೆ, ಪೂಜೆ, ಜಾತ್ರೆ ಬಂತೆಂದರೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಅತಿ ಹೆಚ್ಚು ಮಾರಾಟವಾಗುವ ಮಾತ್ರೆಗಳಲ್ಲಿ ಅದೂ ಒಂದಿರಬೇಕು ಎಂದು ನನಗೆ ಅನುಮಾನ. ಅದರಲ್ಲಿರುವುದು ನೊರೆಥಿಸ್ಟೆರಾನ್, ಪ್ರೊಜೆಸ್ಟರಾನಿನ ದಾಯಾದಿ. ನಿಮ್ಮ ಮಿದುಳು ಯಾವುದಕ್ಕೆ ಕೆರಳುತ್ತದೋ ಅದರ ಸಂಬಂಧಿಯನ್ನೇ ಹೊರಗಿನಿಂದ ಕೊಟ್ಟಂತೆ. ರಕ್ತ ಮುಂದೆ ಹೋಗುತ್ತದೆ ನಿಜ, ಆದರೆ ಕೆಲವರಲ್ಲಿ ಸಿಡುಕು, ಬೇಸರ ಅಷ್ಟು ದಿನವೂ ಮುಂದುವರಿಯುತ್ತದೆ. ಮುಂದೂಡಲು ಕೊಡುವ ದೊಡ್ಡ ಡೋಸಿನಲ್ಲಿ ಅದರ ಒಂದು ಪಾಲು ಮೈಯೊಳಗೆ ಈಸ್ಟ್ರೊಜನ್ ಆಗಿ ಮಾರ್ಪಡುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವೂ ಸ್ವಲ್ಪ ಏರುತ್ತದೆ. ಪೂಜೆಗೆ ಒಮ್ಮೆ ತಿಂದದ್ದಕ್ಕೆ ಹೆದರಬೇಕಿಲ್ಲ. ತಿಂಗಳು ತಿಂಗಳು ನೀವೇ ಕೊಂಡು ತಿನ್ನುವುದು ಬೇಡ. ಆಗ ಮನಸ್ಸು ಹೇಗಿತ್ತು ಎಂದು ನೆನಪು ಮಾಡಿ ಬರೆದಿಡಿ, ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ.

ನಿಮಗೆ ಬೇಕಾದದ್ದು ಎರಡು, ಮನಸ್ಸು ಹಿಡಿತಕ್ಕೆ ಬರುವುದು ಮತ್ತು ರಕ್ತ ಕಾಣದಿರುವುದು. ಮೇಲಿನ ಟೀಚರರ ಕಥೆ ಇಲ್ಲಿ ಬೇಕು, ಏಕೆಂದರೆ ಒಂದನ್ನು ನಿಲ್ಲಿಸಿದರೆ ಇನ್ನೊಂದು ನಿಲ್ಲುತ್ತದೆ ಎನ್ನುವಂತಿಲ್ಲ. ಕಾಪರ್-ಟಿಯಂಥ, ಆದರೆ ಹಾರ್ಮೋನ್ ಇರುವ ವಂಕಿಯನ್ನು ಗರ್ಭಕೋಶದೊಳಗೆ ಹಾಕಿಸಿದರೆ ಎಷ್ಟೋ ಮಂದಿಗೆ ರಕ್ತಸ್ರಾವ ತೀರಾ ಕಡಿಮೆಯಾಗುತ್ತದೆ, ಆದರೆ ಹೆಚ್ಚಿನವರಲ್ಲಿ ಅಂಡ ಬಿಡುಗಡೆ ನಡೆಯುತ್ತಲೇ ಇರುವುದರಿಂದ ನಿಮ್ಮ ಹತ್ತು ದಿನ ಹಾಗೆಯೇ ಉಳಿಯಬಹುದು. ಹಾಕುವಾಗಿನ ಒಳಪರೀಕ್ಷೆ ನಿಮ್ಮಂಥವರಿಗೆ ಬೇರೆಯೇ ಹಿಂಸೆ.

ಮನಸ್ಸಿನ ಲಕ್ಷಣಗಳಿಗೆ ಮೊದಲ ಸಾಲಿನ ಔಷಧಿ ಸರ್ಟ್ರಲಿನ್, ಫ್ಲೂಆಕ್ಸೆಟಿನ್ ಜಾತಿಯ ಮಾತ್ರೆಗಳು. ಖಿನ್ನತೆಗೆ ಕೊಟ್ಟಾಗ ಇವು ಕೆಲಸ ಮಾಡಲು ವಾರಗಳು ಬೇಕು. ಪಿ.ಎಂ.ಡಿ.ಡಿ.ಯಲ್ಲಿ ಕೆಲವೇ ದಿನದಲ್ಲಿ ಗುಣ ಕಾಣುತ್ತದೆ, ಹಾಗಾಗಿ ಮುಟ್ಟಿಗೆ ಮೊದಲಿನ ಎರಡು ವಾರ ಮಾತ್ರ ತೆಗೆದುಕೊಳ್ಳುವ ಕ್ರಮವೂ ಇದೆ. ವಾಕರಿಕೆ ಬರಬಹುದು. ನಿಮಗಿನ್ನೂ 25 ಆಗಿಲ್ಲವಾದ್ದರಿಂದ ಮೊದಲ ಕೆಲವು ವಾರ ಮನಸ್ಸು ಇನ್ನಷ್ಟು ಕದಡಿದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಮಾತ್ರೆ ಬೇಡವೆನ್ನುವವರಿಗೆ ತರಬೇತಾದ ಮನಶ್ಶಾಸ್ತ್ರಜ್ಞರೊಡನೆ ನಡೆಸುವ ಚಿಕಿತ್ಸೆಯೂ ಫಲ ಕೊಡುತ್ತದೆ. ವ್ಯಾಯಾಮ, ಕ್ಯಾಲ್ಸಿಯಂ ನಿಮ್ಮ ಅಕ್ಕನ ಮಟ್ಟದ ತೊಂದರೆಗೆ ಸಾಕಾಗಬಹುದು.

ಎರಡನೇ ದಾರಿ ಅಂಡ ಬಿಡುಗಡೆಯನ್ನೇ ನಿಲ್ಲಿಸುವುದು. ಡ್ರಾಸ್ಪೈರಿನೋನ್ ಇರುವ ಗರ್ಭನಿರೋಧಕ ಮಾತ್ರೆಯೊಂದಕ್ಕೆ ಅಮೆರಿಕದಲ್ಲಿ 2006ರಲ್ಲಿ ಪಿ.ಎಂ.ಡಿ.ಡಿ.ಗೆಂದೇ ಅನುಮತಿ ಸಿಕ್ಕಿತು. ಇಂಥ ಮಾತ್ರೆಯನ್ನು ನಡುವೆ ಬಿಡುವು ಕೊಡದೆ ನುಂಗಿದರೆ ಮುಟ್ಟೂ ಬಾರದಂತೆ ಮಾಡಬಹುದು. ಅಂದರೆ ನಿಮ್ಮ ಎರಡೂ ಬೇಡಿಕೆ ಒಂದೇ ಮಾತ್ರೆಯಲ್ಲಿ ಈಡೇರುವ ಸಾಧ್ಯತೆ ಇದೆ. ‘ಹೆಣ್ಣಿನ ಹಾರ್ಮೋನು ನಾನೇಕೆ ತಿನ್ನಲಿ?’ ಎಂದು ಬೇಡವೆನ್ನುವವರೂ ಇದ್ದಾರೆ. ಅವರನ್ನು ಒತ್ತಾಯಿಸಲಾರೆ, ಆದರೆ ತಿನ್ನದಿದ್ದರೂ ಅದೇ ಹಾರ್ಮೋನು ಅಂಡಾಶಯದಿಂದ ಏರಿಳಿಯುತ್ತಲೇ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಕಣ್ಣಮುಂದೆ ಬೆಳಕಿನ ಗೆರೆ ಬರುವ ಮೈಗ್ರೇನ್, ಬಿ.ಪಿ., ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಈ ದಾರಿ ಮುಚ್ಚಿದ ಹಾಗೆ.

ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ‘ಹುಡುಗಿಯಲ್ಲ’ ಎನ್ನುವ ಅರಿವು ಅಳಿಸಿಹೋಗುವುದಿಲ್ಲ. ಆ ಅಡಿಕೆ ಲೆಕ್ಕದವರು ಮಾತ್ರೆ ಶುರುಮಾಡಿ ನಾಲ್ಕು ತಿಂಗಳಾದ ಮೇಲೆ ಬಂದರು. ಸಿಟ್ಟಿನ ಸಾಲು 2ರ ಮೇಲೆ ಹೋಗಿರಲಿಲ್ಲ. ಕೊನೆಯ ಸಾಲು 3ರಲ್ಲೇ ನಿಂತಿತ್ತು. ‘ಈಗ ಅದನ್ನು ಅಳದೆ ಹೇಳಲಿಕ್ಕೆ ಆಗ್ತದೆ’ ಎಂದರು.

ಟೆಸ್ಟೊಸ್ಟೆರಾನ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಎಂದಾದರೂ ಆ ಯೋಚನೆ ಬರಬಹುದಾದ್ದರಿಂದ ಎರಡು ಮಾತು. ಅದರಿಂದ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ. ರಕ್ತ ನಿಂತಿದ್ದರೂ ಕೆಲವರಲ್ಲಿ ಅಂಡ ಬಿಡುಗಡೆ ನಡೆದಿರುತ್ತದೆ, ಹಾಗಾಗಿ ಅದು ಗರ್ಭನಿರೋಧಕವಲ್ಲ. ಒಡೆದ ದನಿ ಮತ್ತೆ ಮೊದಲಿನಂತಾಗುವುದಿಲ್ಲ. ಜಿಮ್ಮಿನ ಗೆಳೆಯರು ತಂದುಕೊಡುವ ಇಂಜೆಕ್ಷನ್ ಖಂಡಿತ ಬೇಡ. ಹಾರ್ಮೋನ್ ತಜ್ಞರ ಬಳಿ, ರಕ್ತಪರೀಕ್ಷೆ ಮಾಡಿಸಿಕೊಂಡು, ನಿಧಾನವಾಗಿ ಮಾಡುವ ತೀರ್ಮಾನ ಅದು. ಪಿ.ಎಂ.ಡಿ.ಡಿ. ಚಿಕಿತ್ಸೆಗೆ ಆ ತೀರ್ಮಾನ ಮೊದಲಾಗಬೇಕಿಲ್ಲ.

ಇದರ ಇನ್ನೊಂದು ಮಗ್ಗುಲಿನವರೂ ನನ್ನ ಬಳಿ ಬಂದಿದ್ದಾರೆ. ಈಸ್ಟ್ರೊಜನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯೊಬ್ಬರು ‘ನನಗೂ ತಿಂಗಳಿಗೊಮ್ಮೆ ಮನಸ್ಸು ಕುಸಿಯುತ್ತದೆ, ಎದೆ ನೋಯುತ್ತದೆ’ ಎಂದು ಹೇಳಿ, ನಾನು ನಗುತ್ತೇನೋ ಎಂದು ಮುಖ ನೋಡಿದರು. ನಗಲಿಲ್ಲ, ಅವರಿಗೂ ಬರೆಯಲು ಹೇಳಿದೆ. ಅಂಡಾಶಯವಿಲ್ಲದ ಮೇಲೆ ಅದನ್ನು ಪಿ.ಎಂ.ಎಸ್. ಎನ್ನಲಾಗದು, ಆದರೆ ನೋವು ಸುಳ್ಳಲ್ಲ. ಪುಸ್ತಕದಲ್ಲಿ ಕಂಡದ್ದೇನೆಂದರೆ, ಪ್ರತಿ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ಮುಗಿದು ನಾಲ್ಕೈದು ದಿನ ಮಾತ್ರೆ ತಪ್ಪುತ್ತಿತ್ತು. ಅವರ ಚಕ್ರ ಚಂದ್ರನದ್ದಲ್ಲ, ಸಂಬಳದ್ದು.

ಕೆಲವು ಸಣ್ಣ ಸಂಗತಿಗಳು. ಎದೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುತ್ತಿದ್ದರೆ ಇಂದೇ ಬಿಡಿ, ಅದು ಉಸಿರಾಡಿದಂತೆಲ್ಲ ಬಿಗಿಯಾಗುತ್ತದೆ, ಪಕ್ಕೆಲುಬಿಗೆ ಪೆಟ್ಟು. ಅದಕ್ಕೆಂದೇ ಮಾಡಿದ ಬೈಂಡರ್ ಆದರೂ ದಿನಕ್ಕೆ ಎಂಟು ಗಂಟೆ ಮೀರದಿರಲಿ, ಹಾಕಿಕೊಂಡು ಮಲಗಬೇಡಿ. ಎದೆ ಊದಿದ ವಾರದಲ್ಲಿ ಸ್ಪೋರ್ಟ್ಸ್ ಬ್ರಾ, ಮೇಲೊಂದು ದೊಗಳೆ ಶರ್ಟು ಸಾಕು. ನಮ್ಮ ಮಳೆಗಾಲದಲ್ಲಂತೂ ಒದ್ದೆ ಬಟ್ಟೆಯಡಿ ತುರಿಕೆ ಗ್ಯಾರಂಟಿ. ರಕ್ತ ನೋಡುವುದೇ ಕಷ್ಟ ಎನ್ನುವವರಲ್ಲಿ ಕೆಲವರಿಗೆ ಮುಟ್ಟಿನ ಕಪ್ ಒಗ್ಗುತ್ತದೆ, ಗಂಟೆಗಂಟೆಗೆ ಪ್ಯಾಡ್ ಬದಲಿಸುವ ರಗಳೆ ಇಲ್ಲ. ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ಪಂಚಾಯತು 2022ರಲ್ಲಿ ಪ್ಯಾಡ್‌ಮುಕ್ತ ಎಂದು ಘೋಷಿಸಿಕೊಂಡದ್ದು ಊರಿನ ಸಾವಿರಾರು ಮಂದಿಗೆ ಕಪ್ ಹಂಚಿಯೇ. ಒಳಗಿಡುವುದೇ ಆಗದು ಎನ್ನುವವರಿಗೆ ಬಲವಂತ ಬೇಡ.

ಕಾಲೇಜಿನ ರಜೆಯ ವಿಷಯ. 2023ರ ಜನವರಿಯಲ್ಲಿ ಕೊಚ್ಚಿ ವಿಶ್ವವಿದ್ಯಾಲಯ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ ಶೇಕಡಾ 2ರ ರಿಯಾಯಿತಿ ಕೊಟ್ಟಿತು, ಅಂದರೆ 75ರ ಬದಲು 73 ಸಾಕು. ಆ ಬೆನ್ನಿಗೇ ಸರ್ಕಾರ ರಾಜ್ಯದ ಇತರ ವಿಶ್ವವಿದ್ಯಾಲಯಗಳಿಗೂ ಅದನ್ನು ವಿಸ್ತರಿಸಿತು. ಒಳ್ಳೆಯ ಕ್ರಮ. ಆದರೆ ‘ವಿದ್ಯಾರ್ಥಿನಿ’ ಎಂಬ ಪದದ ಕೆಳಗೆ ಸಹಿ ಹಾಕುವುದು ನಿಮಗೆ ಹೇಗನಿಸುತ್ತದೆಂದು ಊಹಿಸಬಲ್ಲೆ. ಹಾಜರಾತಿ ಕಡಿಮೆ ಬಿದ್ದರೆ ಸಹಿ ಹಾಕಿ ರಿಯಾಯಿತಿ ತೆಗೆದುಕೊಳ್ಳಿ, ಒಂದು ಅರ್ಜಿಯಲ್ಲಿ ಬರೆದದ್ದರಿಂದ ನೀವು ಯಾರೆಂಬುದು ಬದಲಾಗುವುದಿಲ್ಲ. ನಿಮ್ಮ ಗಟ್ಟಿ ತೊಂದರೆ ಇರುವುದು ಮುಟ್ಟಿನ ದಿನಗಳಲ್ಲಲ್ಲ, ಅದರ ಮುಂಚೆ. ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಎಂದು ನೇಗಿಲೂ ತಾಗಿಸದ ಸೀಮೆ ನಮ್ಮದು. ಹೆರ, ಪಿದಾಯಿ, ಹೊರಗೆ, ಕಾಗೆ ಮುಟ್ಟಿತು ಎಂದು ರಕ್ತದ ದಿನಗಳಿಗೆ ಎಷ್ಟೊಂದು ಹೆಸರು! ಅದರ ಹಿಂದಿನ ಹತ್ತು ದಿನಕ್ಕೆ ನಮ್ಮ ಯಾವ ಭಾಷೆಯಲ್ಲೂ ಒಂದು ಹೆಸರಿಲ್ಲ. ನಿಮ್ಮ ಅಮ್ಮನ ‘ಪಿಸುರು’ ಇದ್ದದ್ದರಲ್ಲಿ ಹತ್ತಿರದ್ದು.

ಅಮ್ಮನಿಗೆ ಪಿಸುರಿನ ವಿಷಯವನ್ನು ಈಗಲೇ ಹೇಳಿ. ‘ಇದು ಕಾಯಿಲೆ, ಮದ್ದು ಇದೆ, ಡಾಕ್ಟರ ಹತ್ತಿರ ಹೋಗಬೇಕು’ ಎಂದರೆ ಯಾವ ಅಮ್ಮನೂ ಬೇಡ ಎನ್ನಲಾರಳು. ಇನ್ನೊಂದು ವಿಷಯಕ್ಕೆ ಗಡುವಿಲ್ಲ. ಓದು ಮುಗಿದು ಸ್ವಂತ ಕಾಲ ಮೇಲೆ ನಿಂತ ಮೇಲೆ ಹೇಳುವವರು ಬಹಳ. ಲಿಂಗವನ್ನು ತಾನೇ ನಿರ್ಧರಿಸಿಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲಿನಲ್ಲಿ ಹೇಳಿದೆ. ಮರುವರ್ಷ ಟ್ರಾನ್ಸ್‌ಜೆಂಡರ್ ನೀತಿ ತಂದ ದೇಶದ ಮೊದಲ ರಾಜ್ಯ ನಮ್ಮ ಕೇರಳ. ಯಾರಾದರೂ ವೈದ್ಯರು ‘ಕೌನ್ಸೆಲಿಂಗ್ ಕೊಟ್ಟು ಹುಡುಗಿ ಮಾಡಿಕೊಡುತ್ತೇನೆ’ ಎಂದು ಮನೆಯವರಿಗೆ ಭರವಸೆ ಕೊಟ್ಟರೆ ಎದ್ದು ಬನ್ನಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅದನ್ನು ವೃತ್ತಿ ದುರ್ನಡತೆ ಎಂದಿದೆ.

ವೈದ್ಯರನ್ನು ಎಲ್ಲಿ ನೋಡುವುದು? ನಮ್ಮ ಕಡೆಯವರು ಕಣ್ಣುಮುಚ್ಚಿ ಮಂಗಳೂರಿನ ಬಸ್ಸು ಹತ್ತುತ್ತಾರೆ. ಭಾಷೆಯ ಅನುಕೂಲಕ್ಕೆ, ಪರಿಚಯದವರು ಕಾಣದಿರಲಿ ಎಂದೂ ಅದು ಸರಿಯೇ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಾತ್ರೆ ಸಿಗದೆ ಒದ್ದಾಡಿದವರನ್ನು ಕಂಡವಳು ನಾನು, ಅದಕ್ಕೇ ಗಡಿಯ ಈಚೆಗೂ ಒಬ್ಬ ವೈದ್ಯರ ಬಳಿ ನಿಮ್ಮ ಚೀಟಿಯ ನಕಲು ಇರಲಿ. ಮೊದಲು ಸ್ತ್ರೀರೋಗ ತಜ್ಞರೋ ಮನೋವೈದ್ಯರೋ ಎಂಬ ಗೊಂದಲ ಬೇಡ, ಪಿ.ಎಂ.ಡಿ.ಡಿ.ಯನ್ನು ಇಬ್ಬರೂ ನೋಡುತ್ತಾರೆ. ಪ್ರಸೂತಿ ಓ.ಪಿ.ಯ ಸಾಲಿನಲ್ಲಿ ಬಸುರಿಯರ ನಡುವೆ ನಿಲ್ಲುವುದು ಕಷ್ಟ ಎನಿಸಿದರೆ ಮನೋವೈದ್ಯರ ಬಳಿಗೇ ಹೋಗಿ. ಈ ತೊಂದರೆಗೆ ಒಳಪರೀಕ್ಷೆ ಬೇಕಾಗುವುದಿಲ್ಲ. ಯಾರಾದರೂ ಮಾಡಬೇಕೆಂದರೆ ಏಕೆ ಎಂದು ಕೇಳುವ, ಬೇಡ ಎನ್ನುವ ಅಧಿಕಾರ ನಿಮಗಿದೆ. ಸ್ಕ್ಯಾನಿಂಗ್ ಬೇಕೆಂದಾದರೆ ನೀರು ಕುಡಿದು ಹೊಟ್ಟೆಯ ಮೇಲಿನಿಂದ ಮಾಡಿಸಬಹುದು.

ಚೀಟಿಯಲ್ಲಿ ಯಾವ ಹೆಸರು ಬರೆಸಲಿ ಎಂಬ ಚಿಂತೆ ನಿಮಗಿರಬಹುದು. ಇನ್ಶೂರೆನ್ಸ್ ಇದ್ದರೆ ದಾಖಲೆಯ ಹೆಸರೇ ಬೇಕು. ಇಲ್ಲವಾದರೆ ನಮ್ಮೂರಿನ ಪದ್ಧತಿಯಂತೆ ಇನಿಶಿಯಲ್ ಮತ್ತು ಮನೆಹೆಸರು ಸಾಕು, ‘ಕೆ., ಇಂಥ ಮನೆ’ ಎಂದು ಕೂಗಿದರೆ ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಒಳಗೆ ಹೋದ ಮೇಲೆ ವೈದ್ಯರಿಗೆ ‘ನನ್ನನ್ನು ಹೀಗೆ ಕರೆಯಿರಿ’ ಎನ್ನಿ. ಪುಸ್ತಕ, ಈ ವರ್ಷ ತಿಂದ ಮಾತ್ರೆಗಳ ಖಾಲಿ ಸ್ಟ್ರಿಪ್, ಹಳೆಯ ರಕ್ತಪರೀಕ್ಷೆ ಇದ್ದರೆ ಅದು, ಇಷ್ಟು ಕೈಯಲ್ಲಿರಲಿ. ಬರೆಯುವುದನ್ನು ಮುಂದಿನ ಮುಟ್ಟಿನ ಮೊದಲ ದಿನದಿಂದ ಶುರುಮಾಡಿ, ಅದನ್ನು 1ನೇ ದಿನ ಎಂದು ಗುರುತು ಹಾಕಿ.